‘ಬ್ರೇಕ್ ಹಿಡಿಯಿತು’ ಅಂದರೆ ಒಳ್ಳೆಯದೋ ಕೆಟ್ಟದ್ದೋ?

ಗೆಳೆಯರೇ,

ಗ್ಯಾರೇಜಿನ ಕನ್ನಡದ ಬಗ್ಗೆ ಒಂದು ಪ್ರಶ್ನೆ. ಅದರ ಬಾಲದಲ್ಲಿ ಇನ್ನೂ ಒಂದೆರಡಿವೆ, ಆದರೆ ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಉಳಿದವು ಹೇಗೋ ಸಾಗುತ್ತವೆ.

ಹಿನ್ನೆಲೆ ಇಷ್ಟು. ಮಿಶಿಗನ್‌ನಲ್ಲಿರುವ ನಮ್ಮ ಭಾವನ ಹತ್ತಿರ 1966ರ ಫೋರ್ಡ್ ಮಸ್ಟಾಂಗ್ ಇದೆ. ಆ ಕಾಲದ ಮಸ್ಟಾಂಗ್‌ಗೆ ಬೇಕೆಂದರೆ ಮುಂದೆ ಡಿಸ್ಕ್ ಬ್ರೇಕ್ ಸಿಗುತ್ತಿತ್ತು, ಹಿಂದೆ ಮಾತ್ರ ಡ್ರಮ್ಮೇ. (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಪ್ಯಾಡುಗಳು ಎರಡೂ ಕಡೆಯಿಂದ ಹಿಚುಕಿದರೆ ಡಿಸ್ಕ್, ತಿರುಗುವ ಡಬ್ಬಿಯ ಒಳಗಿಂದ ಶೂಗಳು ಹೊರಕ್ಕೆ ಒತ್ತಿದರೆ ಡ್ರಮ್.) ಭಾವ ಹಿಂದಿನ ಆಕ್ಸಲನ್ನೇ, ಅಂದರೆ ಎರಡು ಚಕ್ರಗಳನ್ನು ಹೊತ್ತ ಅಚ್ಚನ್ನೇ ಇಳಿಸಿ, ಗುಜರಿಯಿಂದ ಫೋರ್ಡ್ ಎಕ್ಸ್‌ಪ್ಲೋರರ್‌ನ ಆಕ್ಸಲ್ ತಂದು ಕೂರಿಸಿದ್ದಾರೆ. ಅಲ್ಲಿ ಹಳೇ ಕಾರಿನ ಹುಚ್ಚಿರುವವರಿಗೆ ಇದು ಮಾಮೂಲಿ ದಾರಿ. 1995ರಿಂದ 2001ರವರೆಗಿನ ಎಕ್ಸ್‌ಪ್ಲೋರರ್ ಆಕ್ಸಲ್‌ಗೆ ಡಿಸ್ಕ್ ಮೊದಲೇ ಇರುತ್ತದೆ. ಚಕ್ರ ಕೂರಿಸುವ ಐದು ಬೋಲ್ಟುಗಳ ವೃತ್ತದ ಅಳತೆಯೂ ವಿ8 (ಎಂಟು ಸಿಲಿಂಡರಿನ) ಮಸ್ಟಾಂಗ್‌ನದ್ದೇ, ನಾಲ್ಕೂವರೆ ಇಂಚು. ಆಕ್ಸಲಿನ ಎಡಗಡೆಯ ಕೊಳವೆ ಮಾತ್ರ ಉದ್ದ ಜಾಸ್ತಿ, ಅದನ್ನು ಕತ್ತರಿಸಿ ಬೆಸೆಯಬೇಕು.

‘ನಾನು ಬರೆದಿಟ್ಟಿರೋದನ್ನೆಲ್ಲ ನೆಟ್ಟಗೆ ಕನ್ನಡಕ್ಕೆ ತಂದುಕೊಡಪ್ಪ, ನಮ್ಮೂರಲ್ಲೂ ಹಳೇ ಕಾರು ಇಟ್ಟುಕೊಂಡೋರಿದ್ದಾರೆ’ ಅಂದರು. ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಡಿ), ಪ್ಯಾಡ್, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಪೈಪಿಗೆ ತಳ್ಳುವುದು) ಇವನ್ನೆಲ್ಲ ನಾನು ಮುಟ್ಟಲಿಲ್ಲ. ಅಂಗಡಿಯಲ್ಲಿ ಹಾಗೇ ಕೇಳುತ್ತೇವೆ, ಹಾಗೇ ಬರೆದರಾಯಿತು. ಪೈಪಿನಿಂದ ಗಾಳಿ ಹೊರಡಿಸುವುದಕ್ಕೆ ‘ಏರ್ ತೆಗೆಯೋದು’ ಇದೆ, ಅದಕ್ಕಿಂತ ಚೆನ್ನಾದ ಮಾತು ಬೇಡ. ನಾನು ಸಿಕ್ಕಿಹಾಕಿಕೊಂಡಿದ್ದು ನಮ್ಮದೇ ಕ್ರಿಯಾಪದದಲ್ಲಿ.

ಹಳೇ ಕಾರುಗಳ ಡ್ರಮ್ ಬ್ರೇಕಿನ ಪೈಪಿನಲ್ಲಿ ಪೆಡಲ್ ಬಿಟ್ಟ ಮೇಲೂ ಸುಮಾರು 10 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ಉಳಿಸುವ ಒಂದು ಸಣ್ಣ ವಾಲ್ವ್ ಇರುತ್ತದೆ. ಅನೇಕ ಕಾರುಗಳಲ್ಲಿ ಅದು ಮಾಸ್ಟರ್ ಸಿಲಿಂಡರಿನ ಬಾಯಲ್ಲೇ ಕೂತಿರುತ್ತದೆ. ಶೂಗಳನ್ನು ತಳ್ಳುವ ಚಕ್ರದ ಸಿಲಿಂಡರಿನ ರಬ್ಬರ್ ಕಪ್ಪುಗಳು ಗೋಡೆಗೆ ಅಂಟಿಕೊಂಡೇ ಇರಲಿ, ಒಳಗೆ ಗಾಳಿ ನುಸುಳದಿರಲಿ ಅಂತ. ಡ್ರಮ್‌ನಲ್ಲಿ ಶೂಗಳನ್ನು ಹಿಂದಕ್ಕೆಳೆಯುವ ಗಟ್ಟಿ ಸ್ಪ್ರಿಂಗುಗಳಿವೆ, ಆ 10 ಪಿಎಸ್ಐ ಅವುಗಳಿಗೆ ಲೆಕ್ಕಕ್ಕೇ ಇಲ್ಲ. ಡಿಸ್ಕ್‌ನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಕ್ಯಾಲಿಪರಿನ ಪಿಸ್ಟನ್ ಹಿಂದೆ ಸರಿಯುವುದು ಅದರ ಸುತ್ತಲಿನ ರಬ್ಬರ್ ಸೀಲ್ ತಿರುಚಿಕೊಂಡದ್ದು ಮತ್ತೆ ನೆಟ್ಟಗಾಗುವುದರಿಂದ, ಅದೂ ಕೂದಲೆಳೆಯಷ್ಟು. ಆ ವಾಲ್ವ್ ಹಾಗೇ ಉಳಿದರೆ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಕಾದು ಹೋಗುತ್ತದೆ.

ಇದನ್ನು ಒಂದೇ ಸಾಲಿನಲ್ಲಿ ಹೀಗೆ ಬರೆದೆ: ‘ಆ ವಾಲ್ವ್ ಬಿಟ್ಟರೆ ಹಿಂದಿನ ಬ್ರೇಕ್ ಹಿಡಿಯುತ್ತದೆ.’

ಈಗ ನೀವೇ ಓದಿ ನೋಡಿ. ‘ವಾಲ್ವ್ ಬಿಟ್ಟರೆ’ ಅಂದರೆ ಅಲ್ಲೇ ಇರಲು ಬಿಟ್ಟರೆ ಅಂತಲೂ ಆಯಿತು, ಹಾಕದೆ ಬಿಟ್ಟರೆ ಅಂತಲೂ ಆಯಿತು. ‘ಬ್ರೇಕ್ ಹಿಡಿಯುತ್ತದೆ’ ಅಂದರೆ ಬಿಡದೆ ಎಳೆಯುತ್ತದೆ ಅಂತಲೂ ಹೌದು, ಚೆನ್ನಾಗಿ ಕೆಲಸ ಮಾಡುತ್ತದೆ ಅಂತಲೂ ಹೌದು. ಎರಡನ್ನೂ ತಿರುಗಿಸಿ ಓದಿದವನು ವಾಲ್ವ್ ತೆಗೆದುಹಾಕಿ ಸರಿಯಾದ ಕೆಲಸವನ್ನೇ ಮಾಡುತ್ತಾನೆ, ಅದು ಅವನ ಅದೃಷ್ಟ! ಒಂದನ್ನು ಮಾತ್ರ ತಿರುಗಿಸಿದವನು ಕೆಟ್ಟ.

‘ಬಿಟ್ಟರೆ’ ಸುಲಭ, ‘ತೆಗೆಯದಿದ್ದರೆ’ ಅಂತ ತಿದ್ದಿದೆ. ‘ಹಿಡಿ’ ಸುಲಭವಲ್ಲ. ‘ಬ್ರೇಕ್ ಹಿಡೀತಿಲ್ಲ’ ಅಂದರೆ ಗಾಡಿ ನಿಲ್ಲುತ್ತಿಲ್ಲ. ಸೈಕಲ್ ಹುಡುಗನಿಗೆ ‘ಬ್ರೇಕ್ ಹಿಡಿಯೋ’ ಅಂದರೆ ಕೈಯಿಂದ ಒತ್ತು ಅಂತ. ಇನ್ನು ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಬಿಡಿಸಬೇಕು, ಜಾಕ್ ತಗೊಂಡು ಬಾ ಅಂತ. ಮಾತಿನಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ ನೋಡಿ. ಕೆಲಸವನ್ನೆಲ್ಲ ಆ ‘ಕೊಳ್ಳು’ ಮಾಡುತ್ತದೆ. ಹಾಗಾಗಿ ಬರಹದಲ್ಲೂ ನಿಯಮ ಮಾಡಿಕೊಂಡೆ: ಕೆಲಸ ಮಾಡಿದರೆ ‘ಹಿಡಿಯುತ್ತದೆ’, ಬಿಡದೆ ಉಜ್ಜಿದರೆ ‘ಹಿಡಿದುಕೊಳ್ಳುತ್ತದೆ’. ನನ್ನ ಮೊದಲ ಪ್ರಶ್ನೆ ಇದೇ. ಈ ವ್ಯತ್ಯಾಸ ನಿಮ್ಮ ಕಡೆಯೂ ಇಷ್ಟು ಖಚಿತವಾಗಿದೆಯೇ? ನಾನು ಕೇಳಿರುವುದು ಮೈಸೂರು, ಮಂಡ್ಯದ ಕಡೆ ಮಾತ್ರ.

ಎರಡನೆಯದು ಇದರ ಅಣ್ಣ. ಡ್ರಮ್ ಬ್ರೇಕಿಗೆ ಒಂದು ವಿಶೇಷ ಗುಣವಿದೆ. ಶೂ ಡ್ರಮ್ಮಿಗೆ ತಾಗಿದ ಕೂಡಲೇ ತಿರುಗುವ ಡ್ರಮ್ಮೇ ಅದನ್ನು ಎಳೆದು ಇನ್ನಷ್ಟು ಬಿಗಿಯಾಗಿ ಒತ್ತಿಸಿಕೊಳ್ಳುತ್ತದೆ, ಬಾಗಿಲ ಸಂದಿಗೆ ಕೊಟ್ಟ ಬೆಣೆ ತಳ್ಳಿದಷ್ಟೂ ಬಿಗಿಯುವ ಹಾಗೆ. ಮಸ್ಟಾಂಗ್‌ನಂಥ ಅಮೆರಿಕನ್ ಕಾರಿನಲ್ಲಿ ಎರಡು ಶೂಗಳೂ ಕೆಳಗೆ ಅಡ್ಜಸ್ಟರಿನ ಮೂಲಕ ಜೋಡಿಯಾಗಿರುತ್ತವೆ. ಮುಂದಿನ ಶೂ ತಾನು ಎಳೆಸಿಕೊಂಡ ಬಲವನ್ನು ಹಿಂದಿನದಕ್ಕೆ ದಾಟಿಸುತ್ತದೆ. ಅದಕ್ಕೇ ಕಾಲಿನ ಒತ್ತು ಕಡಿಮೆ ಸಾಕು. ಡಿಸ್ಕ್‌ಗೆ ಈ ಗುಣವಿಲ್ಲ, ಕಾಲು ಕೊಟ್ಟಷ್ಟೇ ಕೆಲಸ. ಡಿಸ್ಕ್ ಹಾಕಿಸಿದವರು ‘ಪೆಡಲ್ ಕಲ್ಲಾಯ್ತು’ ಅಂತ ಗೊಣಗುವುದೂ, ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಹುಡುಕುವುದೂ ಇದೇ ಕಾರಣಕ್ಕೆ.

ಈ ಗುಣಕ್ಕೆ ಏನನ್ನೋಣ? ‘ಸ್ವಯಂಬಲವರ್ಧನೆ’ ಅಂತ ಒಬ್ಬರು ಸೂಚಿಸಿದರು. ಅವರ ಮೇಲೆ ಗೌರವವಿದೆ, ಪದದ ಮೇಲಿಲ್ಲ. ಎಣ್ಣೆ ಕೈಯಲ್ಲಿ ಆ ಹಾಳೆ ಹಿಡಿದವನು ಅಲ್ಲಿಗೇ ಮಡಚಿಡುತ್ತಾನೆ. ‘ತಾನೇ ಕಚ್ಚಿಕೊಳ್ಳುವ ಗುಣ’ ಅಂದರೆ ಅರ್ಥವಾಗುತ್ತದೆ. ಆದರೆ ಕೆಲವರು ಚಕ್ರ ಪೂರ್ತಿ ಜಾಮ್ ಆಗುವುದಕ್ಕೂ ‘ಕಚ್ಚಿಕೊಳ್ತು’ ಅನ್ನುತ್ತಾರೆ. ‘ಬೆಣೆಗುಣ’ ಅನ್ನಲೇ? ಚಿಕ್ಕದು, ಆದರೆ ನಾನು ಕಟ್ಟಿದ್ದು, ಯಾರ ಬಾಯಲ್ಲೂ ಇಲ್ಲ.

ಆ ಜಾಮ್ ಆಗುವುದರದ್ದೇ ಇನ್ನೊಂದು ಪೇಚು. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಿಂದೆ ಬ್ರೇಕ್ ಜಾಸ್ತಿಯಾದರೆ ಅದು ಮುಂಚಿತವಾಗಿ ತಿರುಗುವುದು ನಿಲ್ಲಿಸಿ, ಜಾರಿ, ಗಾಡಿಯ ಹಿಂಭಾಗವನ್ನೇ ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ‘ಹಿಂದಿನ ಚಕ್ರ ಮೊದಲು ನಿಲ್ಲಬಾರದು’ ಅಂತ ಬರೆದರೆ ಮನೆಯಲ್ಲಿ ಓದಿದವರು, ‘ಚಕ್ರ ನಿಲ್ಲಲಿ ಅಂತ ತಾನೇ ಬ್ರೇಕ್ ಹಾಕೋದು?’ ಅಂದರು. ನ್ಯಾಯವೇ! ಕೊನೆಗೆ ‘ಚಕ್ರ ಜಾಮ್ ಆಗಿ ಜಾರುವುದು’ ಅಂತ ಉದ್ದಕ್ಕೇ ಇಟ್ಟಿದ್ದೇನೆ.

ಇದನ್ನು ತಪ್ಪಿಸಲು ಹಿಂದಿನ ಪೈಪಿಗೆ ಹಾಕುವ ವಾಲ್ವನ್ನು ಮೊದಲು ‘ಹಂಚಿಕೆ ವಾಲ್ವ್’ ಅಂತ ಕರೆದಿದ್ದೆ. ಅದು ಹಂಚುವುದಿಲ್ಲ. ಒತ್ತಡ ಒಂದು ಮಟ್ಟ ಮುಟ್ಟುವವರೆಗೆ ಪೂರ್ತಿ ಬಿಡುತ್ತದೆ, ಅಲ್ಲಿಂದ ಮೇಲೆ ಏರಿದ್ದರಲ್ಲಿ ಸ್ವಲ್ಪ ಮಾತ್ರ ಹಿಂದಕ್ಕೆ ಕಳಿಸುತ್ತದೆ. ‘ತಗ್ಗಿಸುವ ವಾಲ್ವ್’ ಅಂದರೆ ಸಾಕಲ್ವಾ?

ಒಂದು ಪದ ಮಾತ್ರ ಸಲೀಸಾಗಿ ಸಿಕ್ಕಿತು. ಎಕ್ಸ್‌ಪ್ಲೋರರ್ ಡಿಸ್ಕಿನ ನಡುವೆ ಉಬ್ಬಿದ ಭಾಗದೊಳಗೆ ಒಂದು ಪುಟ್ಟ ಡ್ರಮ್ಮಿದೆ, ಶೂ ಸಮೇತ, ಹ್ಯಾಂಡ್ ಬ್ರೇಕಿಗಾಗಿ. ಡ್ರಮ್ ಬೇಡ ಅಂತ ಇಷ್ಟೆಲ್ಲ ಮಾಡಿದರೂ ಡ್ರಮ್ ಹೋಗಲಿಲ್ಲ! ಆ ಉಬ್ಬಿಗೆ ‘ಟೊಪ್ಪಿ’ ಅಂತ ಬರೆದೆ, ಭಾವ ಮರುಮಾತಿಲ್ಲದೆ ಒಪ್ಪಿದರು.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ. ನಿಮ್ಮ ಗ್ಯಾರೇಜಿನಲ್ಲಿ ಬ್ರೇಕ್ ಬಿಡದೆ ಎಳೆಯುತ್ತಿದ್ದರೆ ಮೆಕ್ಯಾನಿಕ್ ಬಾಯಿಂದ ಬರುವ ಮಾತು ಯಾವುದು? ಚಕ್ರ ಜಾಮ್ ಆಗಿ ಜಾರಿದರೆ ಯಾವುದು? ಎರಡಕ್ಕೂ ಬೇರೆ ಬೇರೆ ಮಾತಿದ್ದರೆ ಅವನ್ನೇ ಹಾಕಿಬಿಡುತ್ತೇನೆ.