ಬಸುರಿ ಎಂದು ತಿಳಿದ ಕೂಡಲೇ ರಾಜೀನಾಮೆ ಬರೆದುಕೊಡು ಎನ್ನುತ್ತಾರೆ, ಏನು ಮಾಡಲಿ?

ಮೈಸೂರು, ಮಂಡ್ಯ ಕಡೆಯ ದುಡಿಯುವ ಹೆಣ್ಣುಮಕ್ಕಳ ಗುಂಪಿನಲ್ಲಿ ಈ ವಾರದ ಪ್ರಶ್ನೆಗಳಿಗೆ ಮೈಸೂರಿನ ವಕೀಲರೊಬ್ಬರು ಉತ್ತರಿಸಿದ್ದಾರೆ. ಕಂಪನಿ, ಶಾಲೆ, ಆಸ್ಪತ್ರೆಗಳ ಹೆಸರನ್ನು ಯಾರೂ ಬರೆಯಬಾರದೆಂದು ಮೊದಲೇ ಕೇಳಿಕೊಳ್ಳಲಾಗಿತ್ತು.

ಪ್ರಶ್ನೆ (ಶ್ರೀರಂಗಪಟ್ಟಣ ತಾಲ್ಲೂಕು): ಮೇಡಂ, ನಮಸ್ಕಾರ. ನಾನು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತೇನೆ. ಸೇರಿ ನಾಲ್ಕು ವರ್ಷ ಎಂಟು ತಿಂಗಳಾಯಿತು. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಇಎಸ್‌ಐ, ಪಿಎಫ್ ಎರಡೂ ಹಿಡಿಯುತ್ತಾರೆ. ಈಗ ಐದು ತಿಂಗಳ ಬಸುರಿ, ಮೊದಲನೆಯ ಮಗು. ಇನ್‌ಚಾರ್ಜ್ ಕರೆದು, “ಈಗಲೇ ರಾಜೀನಾಮೆ ಬರೆದುಕೊಡು, ಮಗು ಆದ ಮೇಲೆ ಬಾ, ಮತ್ತೆ ತೆಗೆದುಕೊಳ್ಳುತ್ತೇವೆ” ಎಂದರು. ನಮ್ಮ ಲೈನಿನಲ್ಲಿ ಹಿಂದೆ ಇಬ್ಬರು ಹೀಗೆಯೇ ಬಿಟ್ಟರು. ಬಿಟ್ಟರೆ ಪಿಎಫ್ ಹಣವಾದರೂ ಕೈಗೆ ಬರುತ್ತದೆ, ಬಾಣಂತನಕ್ಕಾಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಬರೆದುಕೊಡಲೇ?

ಉತ್ತರ: ತಂಗಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ, ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ.

ನಿಮ್ಮ ಹೆರಿಗೆ ರಜೆಯ ಹಣ ಕಂಪನಿಯ ಜೇಬಿನಿಂದ ಹೋಗುವುದೇ ಇಲ್ಲ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುವ ಹೆಣ್ಣುಮಗಳಿಗೆ ಆ ಹಣವನ್ನು ಕೊಡುವುದು ಇಎಸ್‌ಐ ನಿಗಮ. 13,000 ರೂಪಾಯಿ ಸಂಬಳಕ್ಕೆ ತಿಂಗಳಿಗೆ ಸುಮಾರು 98 ರೂಪಾಯಿಯನ್ನು, ಅಂದರೆ ಶೇಕಡ 0.75ನ್ನು, ನಿಮ್ಮಿಂದ ಹಿಡಿಯುತ್ತಾರೆ. ಕಂಪನಿ ಶೇಕಡ 3.25 ಸೇರಿಸಿ ಕಟ್ಟುತ್ತದೆ. ಇಷ್ಟು ವರ್ಷ ಕಟ್ಟಿದ್ದು ಇಂಥ ಹೊತ್ತಿಗಾಗಿಯೇ. ಮೊದಲ ಎರಡು ಮಕ್ಕಳಿಗೆ ತಲಾ 26 ವಾರ ರಜೆ, ಸರಾಸರಿ ದಿನಗೂಲಿಯ ನೂರಕ್ಕೆ ನೂರು. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಬಿದ್ದಿದ್ದರೆ ಸಾಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ತಪ್ಪದೆ ಕೆಲಸಕ್ಕೆ ಹೋಗುತ್ತಿರುವ ನಿಮಗೆ ಇದು ತೊಡಕಾಗುವುದಿಲ್ಲ.

ಹಾಗಾದರೆ ಕಂಪನಿಗೆ ಏನು ಕಷ್ಟ? ನಿಮ್ಮ ಜಾಗವನ್ನು ಆರು ತಿಂಗಳು ಕಾದಿರಿಸಬೇಕು. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡಬೇಕಾದ ಹಣ. ನಿಮ್ಮದೇ ಲೆಕ್ಕ ಹಾಕಿ ನೋಡೋಣ. ಗ್ರಾಚ್ಯುಯಿಟಿಗೆ ಐದು ವರ್ಷದ ಸೇವೆ ಆಗಬೇಕು, ನಿಮಗೆ ನಾಲ್ಕು ತಿಂಗಳು ಕಡಿಮೆ ಇದೆ. ಇನ್ನು ಎರಡು ತಿಂಗಳು ಕೆಲಸ ಮಾಡಿ ರಜೆಯ ಮೇಲೆ ಹೋದಿರೆಂದರೆ, ಆ 26 ವಾರವೂ ಸೇವೆಯ ಲೆಕ್ಕಕ್ಕೆ ಬರುತ್ತದೆ. ಮಗುವಿಗೆ ನಾಲ್ಕು ತಿಂಗಳಾಗಿ ನೀವು ಮತ್ತೆ ಕೆಲಸಕ್ಕೆ ಹೋಗುವ ಹೊತ್ತಿಗೆ ಐದು ವರ್ಷ ದಾಟಿರುತ್ತದೆ. ವರ್ಷಕ್ಕೆ 15 ದಿನದ ಸಂಬಳ, ತಿಂಗಳ ಸಂಬಳವನ್ನು 26ರಿಂದ ಭಾಗಿಸಿ ಲೆಕ್ಕ: 13,000ಕ್ಕೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500 ರೂಪಾಯಿ. ಇವತ್ತು ಸಹಿ ಹಾಕಿದರೆ ಅದು ಕೈತಪ್ಪಬಹುದು. “ಮತ್ತೆ ತೆಗೆದುಕೊಳ್ಳುತ್ತೇವೆ” ಎನ್ನುವುದು ಹೊಸಬಳಾಗಿ, ಹೊಸ ನಂಬರಿನಲ್ಲಿ. ಐದು ವರ್ಷದ ಎಣಿಕೆ ಒಂದರಿಂದ ಶುರುವಾಗುತ್ತದೆ.

ಅತ್ತೆಯವರಿಗೂ ಇದನ್ನು ಓದಿ ಹೇಳಿ. ಅವರು ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ಆದರೆ ಪಿಎಫ್ ಹಣ ಎಲ್ಲಿಗೂ ಓಡಿಹೋಗುವುದಿಲ್ಲ. ಬಾಣಂತನಕ್ಕೆ ಬೇಕಾದ ಹಣ ಇಎಸ್‌ಐನಿಂದ ಬರುವಾಗ ಅದನ್ನು ಮುಟ್ಟುವ ಅಗತ್ಯವೂ ಇಲ್ಲ.

ಬಸುರಿ ಎಂಬ ಕಾರಣಕ್ಕೆ, ಹೆರಿಗೆ ರಜೆಯಲ್ಲಿದ್ದಾಳೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇದ್ದ ಈ ರಕ್ಷಣೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೆಯೇ ಇದೆ. “ಹಳೆಯ ಕಾನೂನು ಹೋಯಿತು” ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಅದಕ್ಕಾಗಿಯೇ ಅವರು ತಾವಾಗಿ ತೆಗೆಯುವುದಿಲ್ಲ, ನಿಮ್ಮ ಕೈಯಿಂದಲೇ “ವೈಯಕ್ತಿಕ ಕಾರಣಗಳಿಂದ ಬಿಡುತ್ತಿದ್ದೇನೆ” ಎಂದು ಬರೆಸಿಕೊಳ್ಳುತ್ತಾರೆ. ಆ ಒಂದು ಸಾಲು ಕೊಟ್ಟರೆ ಮುಂದೆ ನಾನು ನ್ಯಾಯಾಲಯದಲ್ಲಿ ಎಷ್ಟು ವಾದ ಮಾಡಿದರೂ ಮೊದಲು ಅದನ್ನೇ ತೆರೆದು ತೋರಿಸುತ್ತಾರೆ.

ಅವರ ಕಾಗದದ ಬದಲು ನಿಮ್ಮ ಕಾಗದ ಕೊಡಿ. ಬಿಳಿ ಹಾಳೆಯಲ್ಲಿ ನಿಮ್ಮ ಕೈಬರಹದಲ್ಲೇ ಬರೆಯಿರಿ: “ನಾನು ಇಂಥ ವಿಭಾಗದಲ್ಲಿ, ಇಂಥ ನಂಬರಿನ ನೌಕರಳು. ಗರ್ಭಿಣಿಯಾಗಿದ್ದು, ಹೆರಿಗೆಯ ನಿರೀಕ್ಷಿತ ದಿನಾಂಕ ಇಂಥದ್ದು. ಇಂಥ ದಿನಾಂಕದಿಂದ 26 ವಾರಗಳ ಹೆರಿಗೆ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ನಾನು ಕೆಲಸಕ್ಕೆ ರಾಜೀನಾಮೆ ನೀಡುತ್ತಿಲ್ಲ. ರಜೆ ಮುಗಿದ ಕೂಡಲೇ ಹಾಜರಾಗುತ್ತೇನೆ.” ಕೊನೆಯ ಎರಡು ವಾಕ್ಯಗಳನ್ನು ಯಾರು ಹೇಳಿದರೂ ತೆಗೆಯಬೇಡಿ. ತಾಯಿ ಕಾರ್ಡಿನ ನಕಲು ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಎಚ್‌ಆರ್‌ನವರ ಸಹಿ, ಮೊಹರು ಹಾಕಿಸಿಕೊಳ್ಳಿ. ಇಎಸ್‌ಐ ಔಷಧಾಲಯದಲ್ಲಿ ಗರ್ಭಿಣಿ ಎಂದು ಈಗಲೇ ದಾಖಲು ಮಾಡಿಸಿ. ಊರಿನ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿಕೊಟ್ಟರೆ ಇಎಸ್‌ಐನಲ್ಲಿ ತಾನಾಗಿಯೇ ನೋಂದಣಿಯಾಗುವುದಿಲ್ಲ. ಎಷ್ಟೋ ಜನ ಇಲ್ಲಿಯೇ ಎಡವುತ್ತಾರೆ.

ಚೆಕಿಂಗ್ ಟೇಬಲ್ ಮುಂದೆ ದಿನವಿಡೀ ನಿಂತೇ ಇರಬೇಕು ಎಂಬುದು ನನಗೆ ಗೊತ್ತು. ಹೆರಿಗೆಗೆ ಸುಮಾರು ಹತ್ತು ವಾರ ಇರುವಾಗಿನಿಂದ, ನೀವು ಕೇಳಿಕೊಂಡರೆ, ಬಹಳ ಹೊತ್ತು ನಿಲ್ಲುವ ಅಥವಾ ಮೈಮುರಿಯುವ ಕೆಲಸ ಕೊಡುವಂತಿಲ್ಲ. ಅದನ್ನೂ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ.

ಪ್ರಶ್ನೆ (ಮದ್ದೂರು): ನಾನು ಹೋದ ತಿಂಗಳು ಹೀಗೆಯೇ ಬರೆದುಕೊಟ್ಟುಬಿಟ್ಟೆ ಅಕ್ಕ. ಈಗ ಎಂಟು ತಿಂಗಳು. ಇನ್ನು ಏನೂ ಬರುವುದಿಲ್ಲವೇ?

ಉತ್ತರ: ಬರುವುದಿದೆ ತಾಯಿ, ಧೈರ್ಯವಾಗಿರಿ. ಕೆಲಸ ಬಿಟ್ಟ ಮಾತ್ರಕ್ಕೆ ನೀವು ಕಟ್ಟಿದ ಇಎಸ್‌ಐ ವಂತಿಗೆ ಇಲ್ಲವಾಗುವುದಿಲ್ಲ. ಹೆರಿಗೆ ಸೌಲಭ್ಯ ನಿಂತಿರುವುದು ಹಿಂದಿನ ಅವಧಿಗಳ ವಂತಿಗೆಯ ಮೇಲೆ. ಇಎಸ್‌ಐ ಕಾರ್ಡ್, ಬ್ಯಾಂಕ್ ಪಾಸ್‌ಪುಸ್ತಕ, ಸಂಬಳದ ಚೀಟಿಗಳನ್ನು ತೆಗೆದುಕೊಂಡು ಶಾಖಾ ಕಚೇರಿಗೆ ಈ ವಾರವೇ ಹೋಗಿ, “ನನ್ನ ವಂತಿಗೆಯ ದಿನ ಎಷ್ಟಿದೆ, ಹೆರಿಗೆ ಸೌಲಭ್ಯಕ್ಕೆ ಅರ್ಜಿ ಕೊಡಬೇಕು” ಎಂದು ಕೇಳಿ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಎಂಟು ತಿಂಗಳಲ್ಲಿ ಒಬ್ಬರೇ ಬಸ್ಸಿನಲ್ಲಿ ಓಡಾಡಬೇಡಿ.

ರಾಜೀನಾಮೆಯ ವಿಚಾರಕ್ಕೆ ಬಂದರೆ, ಅದು ಜಾರಿಯಾಗುವ ಮೊದಲು ಹಿಂತೆಗೆದುಕೊಳ್ಳಲು ಅವಕಾಶವಿದೆ. ನಿಮಗೆ ಅಂಗೀಕಾರದ ಪತ್ರ ಕೊಟ್ಟಿದ್ದಾರೆಯೇ, ಲೆಕ್ಕ ಚುಕ್ತಾ ಮಾಡಿದ್ದಾರೆಯೇ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಆ ಕಾಗದಗಳ ಫೋಟೊಗಳನ್ನು ನನಗೆ ಪ್ರತ್ಯೇಕವಾಗಿ ಕಳುಹಿಸಿ, ಇಲ್ಲಿ ಹಾಕಬೇಡಿ.

ಅಭಿಪ್ರಾಯ (ಪಾಂಡವಪುರ): ಮೇಡಂ, ತಪ್ಪು ತಿಳಿಯಬೇಡಿ. ನನ್ನ ತಂಗಿಯೂ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಕಾನೂನು ಮಾತನಾಡಿದವರನ್ನು ಕಂಪನಿಯವರು ಸುಮ್ಮನೆ ಬಿಡುವುದಿಲ್ಲ. ಬೇರೆ ಲೈನಿಗೆ ಹಾಕಿ, ಟಾರ್ಗೆಟ್ ಏರಿಸಿ, ತಾನಾಗಿಯೇ ಬಿಡುವ ಹಾಗೆ ಮಾಡುತ್ತಾರೆ. ಬಡವರು ಕೋರ್ಟು ಮೆಟ್ಟಿಲು ಹತ್ತಲಾಗುತ್ತದೆಯೇ?

ಉತ್ತರ: ತಪ್ಪೇನೂ ತಿಳಿಯಲಿಲ್ಲ ಅಣ್ಣ, ನೀವು ಹೇಳುವುದು ನಡೆಯುತ್ತದೆ. ಆದರೆ ನಾನು ಹೇಳಿದ ಅರ್ಜಿ ಜಗಳದ ಕಾಗದವಲ್ಲ, ರಜೆಯ ಕಾಗದ. ಅದು ಕೈಸೇರಿದ ಮೇಲೆ “ಗೊತ್ತೇ ಇರಲಿಲ್ಲ” ಎನ್ನಲು ಕಂಪನಿಗೆ ದಾರಿ ಉಳಿಯುವುದಿಲ್ಲ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ವಿಷಯಗಳು ಮೊಹರು ಬಿದ್ದ ಅರ್ಜಿಯಲ್ಲೇ ಮುಗಿದಿವೆ. ಒಳ್ಳೆಯ ಎಚ್‌ಆರ್‌ನವರೂ ಇದ್ದಾರೆ, ಎಷ್ಟೋ ಸಲ ಇನ್‌ಚಾರ್ಜ್ ಹೇಳಿದ್ದು ಅವರ ಕಿವಿಗೇ ಬಿದ್ದಿರುವುದಿಲ್ಲ.

ಕೋರ್ಟಿಗೇ ಹೋಗಬೇಕಾಗಿ ಬಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಮಂಡ್ಯ, ಮೈಸೂರು ಎರಡೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇದೆ. ಫೋನಿನಲ್ಲಿ ಕೇಳುವುದಾದರೆ 15100. ತಂಗಿಗೆ ಈ ನಂಬರನ್ನು ಬರೆಸಿಕೊಡಿ, ಮತ್ತು ಅವಳ ಜೊತೆ ನಿಂತುಕೊಳ್ಳಿ. ಮನೆಯ ಗಂಡಸರು ಬೆನ್ನಿಗಿದ್ದಾರೆ ಎಂದು ಗೊತ್ತಾದರೆ ಹುಡುಗಿಯರ ಧೈರ್ಯವೇ ಬೇರೆ.

ಪ್ರಶ್ನೆ (ಮೈಸೂರು): ನಾನು ಆಸ್ಪತ್ರೆಯೊಂದರಲ್ಲಿ ಏಜೆನ್ಸಿ ಮೂಲಕ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದೇನೆ. ಮೂರು ತಿಂಗಳ ಬಸುರಿ. “ನೀನು ನಮ್ಮ ನೌಕರಳಲ್ಲ” ಎಂದು ಆಸ್ಪತ್ರೆಯವರು, “ಗುತ್ತಿಗೆ ಮಾರ್ಚ್‌ಗೆ ಮುಗಿಯುತ್ತದೆ” ಎಂದು ಏಜೆನ್ಸಿಯವರು ಹೇಳುತ್ತಾರೆ.

ಉತ್ತರ: ಇಬ್ಬರೂ ನಿಮ್ಮನ್ನು ಇನ್ನೊಬ್ಬರ ಬಾಗಿಲಿಗೆ ತಳ್ಳುತ್ತಿದ್ದಾರೆ. ದಿನಗೂಲಿ, ಗುತ್ತಿಗೆ ಎಂಬ ಕಾರಣಕ್ಕೆ ಹೆರಿಗೆ ಸೌಲಭ್ಯ ನಿರಾಕರಿಸುವಂತಿಲ್ಲ. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ (ದಿನಗೂಲಿ) ಹೆಣ್ಣುಮಕ್ಕಳು, ರಸ್ತೆ ಕೆಲಸ ಮಾಡುತ್ತಿದ್ದವರು, ಸುಪ್ರೀಂ ಕೋರ್ಟಿನವರೆಗೂ ಹೋಗಿ 2000ದಲ್ಲಿ ಇದನ್ನು ಗೆದ್ದುಕೊಂಡರು. ಇವತ್ತು ನಾನು ನಿಮಗೆ ಧೈರ್ಯವಾಗಿ ಉತ್ತರ ಬರೆಯುತ್ತಿರುವುದು ಅವರ ದೆಸೆಯಿಂದ. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಸಿಗಬೇಕೆಂದು ಒಬ್ಬ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯ 2023ರಲ್ಲಿ ಹೇಳಿದೆ.

ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಹಿಡಿದಿದ್ದಾರೆಯೇ ನೋಡಿ. ಹಿಡಿದೂ ಕಟ್ಟಿಲ್ಲವಾದರೆ ಮೂಲ ಉದ್ಯೋಗದಾತರಾಗಿ ಆಸ್ಪತ್ರೆಯೂ ಹೊಣೆ. ಅರ್ಜಿಯನ್ನು ಇಬ್ಬರ ಹೆಸರಿಗೂ ಬರೆಯಿರಿ.

ಪ್ರಶ್ನೆ (ಮಂಡ್ಯ): ಖಾಸಗಿ ಶಾಲೆಯಲ್ಲಿ ಎಂಟು ವರ್ಷದಿಂದ ಶಿಕ್ಷಕಿ. ಪ್ರತಿ ಜೂನ್‌ನಲ್ಲಿ ಹೊಸ ಆದೇಶ, ಮಾರ್ಚ್‌ಗೆ ಮುಕ್ತಾಯ. ನಾವು ಹದಿನಾಲ್ಕು ಜನ ಇದ್ದೇವೆ. ಇಎಸ್‌ಐ ಇಲ್ಲ. ಗ್ರಾಚ್ಯುಯಿಟಿ ಶಿಕ್ಷಕರಿಗೆ ಬರುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಸುಳ್ಳು. ಗ್ರಾಚ್ಯುಯಿಟಿ ಕಾಯ್ದೆಗೆ ತಂದ 2009ರ ತಿದ್ದುಪಡಿ 1997ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿಕೊಂಡಿತು. ಖಾಸಗಿ ಶಾಲೆಗಳವರು ಅದನ್ನು ಪ್ರಶ್ನಿಸಿ 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ವರ್ಷಕ್ಕೆ 240 ದಿನ ಕೆಲಸವಾಗಿದ್ದರೆ ಆ ವರ್ಷವನ್ನು ಪೂರ್ತಿ ಸೇವೆ ಎಂದೇ ಎಣಿಸಬೇಕು. ಹಾಗಾಗಿ ಎಂಟೂ ವರ್ಷದ ಆದೇಶಗಳು ಮತ್ತು ಹಾಜರಾತಿಯ ದಾಖಲೆಯನ್ನು ಜೋಪಾನವಾಗಿಡಿ. ಹೆರಿಗೆ ರಜೆಯ ಸಂಬಳವನ್ನೂ ಇಎಸ್‌ಐ ಇಲ್ಲದ ಕಡೆ ಶಾಲೆಯೇ ಕೊಡಬೇಕು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು.

ಪ್ರಶ್ನೆ (ಮೈಸೂರು): ಹೆಸರು ಬೇಡ. ನಮ್ಮ ಸೂಪರ್‌ವೈಸರ್ ಮಾತನಾಡುವಾಗಲೆಲ್ಲ ಮೈಮುಟ್ಟುತ್ತಾನೆ. ಕಂಪನಿಯಲ್ಲಿ ಸಮಿತಿ ಇದೆಯೋ ಇಲ್ಲವೋ ಗೊತ್ತಿಲ್ಲ.

ಉತ್ತರ: ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅಧ್ಯಕ್ಷೆ ಹೆಣ್ಣುಮಗಳೇ ಆಗಿರಬೇಕು. ಸಮಿತಿ ಇಲ್ಲದಿದ್ದರೆ ಅಥವಾ ದೂರು ಮಾಲೀಕರ ಮೇಲೆಯೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಕಾಲಾವಕಾಶ ಕೊಡಬಹುದು. ವಿಚಾರಣೆ ಮುಗಿಯುವವರೆಗೆ ಅವನ ಕೈಕೆಳಗೆ ಕೆಲಸ ಬೇಡವೆಂದು ವರ್ಗಾವಣೆ ಅಥವಾ ಮೂರು ತಿಂಗಳವರೆಗೆ ರಜೆ ಕೇಳುವ ಹಕ್ಕು ನಿಮಗಿದೆ. ದಿನಾಂಕ, ಹೊತ್ತು, ಪಕ್ಕದಲ್ಲಿದ್ದವರು ಯಾರು ಎಂಬುದನ್ನು ಇವತ್ತೇ ಬರೆದಿಡಿ. ನಿಮ್ಮ ಜೊತೆ ಪ್ರತ್ಯೇಕವಾಗಿ ಮಾತನಾಡಲು ನಾನು ಸಿದ್ಧಳಿದ್ದೇನೆ.

ಮೊದಲ ಪ್ರಶ್ನೆಯವರು ಮತ್ತೆ: ಮೇಡಂ, ನೀವು ಹೇಳಿದಂತೆ ಅರ್ಜಿ ಬರೆದುಕೊಂಡು ಹೋದೆ. ಓದಿ ವಾಪಸು ಕೊಟ್ಟರು, ಮೊಹರು ಹಾಕಲಿಲ್ಲ. “ನಾಳೆಯಿಂದ ಬರಬೇಡ” ಎಂದು ಇನ್‌ಚಾರ್ಜ್ ಬಾಯಲ್ಲಿ ಹೇಳಿದರು. ಭಯವಾಗುತ್ತಿದೆ.

ಉತ್ತರ: ನೀವು ಸಹಿ ಹಾಕದೆ ಬಂದಿರಲ್ಲ, ಕಷ್ಟದ ಕೆಲಸ ಅರ್ಧ ಮುಗಿಯಿತು.

ನಾಳೆ ಎಂದಿನ ಪಾಳಿಯ ಹೊತ್ತಿಗೆ ಗೇಟಿಗೆ ಹೋಗಿ. ನೀವು ಮನೆಯಲ್ಲಿ ಕುಳಿತರೆ “ಹೇಳದೆ ಕೇಳದೆ ಗೈರುಹಾಜರಾದಳು” ಎಂದು ದಾಖಲಿಸಿ, ತಾನಾಗಿಯೇ ಬಿಟ್ಟಳೆಂದು ತೋರಿಸುತ್ತಾರೆ. ಒಳಗೆ ಬಿಟ್ಟರೆ ಸುಮ್ಮನೆ ಕೆಲಸ ಮಾಡಿ. ಬಿಡದಿದ್ದರೆ ವಾದ ಬೇಡ. ಗೇಟಿನ ಮುಂದೆ ನಿಂತು ಹೊತ್ತು ಕಾಣುವಂತೆ ಒಂದು ಫೋಟೊ ತೆಗೆಯಿರಿ. ಅಂದೇ ಇನ್‌ಚಾರ್ಜ್ ಮೊಬೈಲಿಗೆ “ಇಂದು ಕೆಲಸಕ್ಕೆ ಬಂದಿದ್ದೆ, ಒಳಗೆ ಬಿಡಲಿಲ್ಲ, ಕೆಲಸ ಮಾಡಲು ಸಿದ್ಧಳಿದ್ದೇನೆ” ಎಂದು ಸಂದೇಶ ಕಳುಹಿಸಿ, ಅಳಿಸದೆ ಇಟ್ಟುಕೊಳ್ಳಿ.

ಅವರು ತೆಗೆದುಕೊಳ್ಳದ ಅರ್ಜಿಯನ್ನು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಂಪನಿಯ ವ್ಯವಸ್ಥಾಪಕರ ಹೆಸರಿಗೆ ಕಳುಹಿಸಿ, ಅದರ ಒಂದು ಪ್ರತಿಯನ್ನು ಮಂಡ್ಯದ ಕಾರ್ಮಿಕ ಅಧಿಕಾರಿಗೂ ಹಾಕಿ. ರಶೀದಿ, ತಾಯಿ ಕಾರ್ಡ್ ಮತ್ತು ಹಿಂದಿನ ಆರು ತಿಂಗಳ ಸಂಬಳದ ಚೀಟಿಗಳ ಫೋಟೊಗಳನ್ನು ಸಂಜೆಯೊಳಗೆ ನನಗೆ ಕಳುಹಿಸಿ. ಕಾರ್ಮಿಕ ಇಲಾಖೆಗೆ ಕೊಡಬೇಕಾದ ದೂರನ್ನು ನಾನೇ ಬರೆದುಕೊಡುತ್ತೇನೆ. ಅದನ್ನು ಸಲ್ಲಿಸಲು ನಿಮ್ಮ ಯಜಮಾನರು ಬರಲಿ, ನೀವು ಅಲ್ಲಿಯವರೆಗೆ ಓಡಾಡುವುದು ಬೇಡ.