‘ಸಮನ್ವಯ ಶಿಕ್ಷಣ’ ಅಂದರೆ ಏನಂತ ತಂಗಿಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿಯ ಮಗ ಸರ್ಕಾರಿ ಶಾಲೆಯಲ್ಲಿ 4ನೇ ತರಗತಿ ಓದುತ್ತಿದ್ದಾನೆ. ಮಾತು ಬಲು ಚುರುಕು, ಪುಸ್ತಕ ಹಿಡಿದರೆ ಮಾತ್ರ ಅಕ್ಷರ ಅಕ್ಷರಕ್ಕೂ ತಡವರಿಸುತ್ತಾನೆ. ಹೋದ ತಿಂಗಳು ಶಾಲೆಯಿಂದ ಒಂದು ಚೀಟಿ ಬಂತು. ‘ಸಮನ್ವಯ ಶಿಕ್ಷಣದ ಅಡಿಯಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರಕ್ಕೆ ಮಗುವನ್ನು ಕರೆತರುವುದು’ ಅಂತ. ತಂಗಿಯ ಕಣ್ಣಿಗೆ ಬಿದ್ದಿದ್ದು ‘ಮೌಲ್ಯಾಂಕನ’ ಒಂದೇ. ಪರೀಕ್ಷೆ ಅಂದುಕೊಂಡು ಎರಡು ರಾತ್ರಿ ಹುಡುಗನನ್ನು ಕೂರಿಸಿ ಮಗ್ಗಿ ಬಾಯಿಪಾಠ ಮಾಡಿಸಿದಳು. ಅವಳದೇನು ತಪ್ಪು? ಅದೇ ಶಾಲೆಯಲ್ಲಿ ‘ಸಂಕಲನಾತ್ಮಕ ಮೌಲ್ಯಾಂಕನ’ ಅಂದರೆ ಪರೀಕ್ಷೆಯೇ ಅಲ್ವಾ? ಶಿಬಿರದಲ್ಲಿ ಡಾಕ್ಟರು ಮಗುವನ್ನು ನೋಡಿ, ಯಾವ ನೆರವು ಬೇಕು ಅಂತ ಬರೆದುಕೊಳ್ಳುತ್ತಾರೆ, ಅಷ್ಟೇ. ‘ತಪಾಸಣೆ’ ಅಂದಿದ್ದರೆ ಸಾಕಿತ್ತು. ಹುಡುಗನಿಗೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಆದರೆ ನನ್ನನ್ನು ಜಾಸ್ತಿ ಕಾಡಿದ ಪದ ‘ಸಮನ್ವಯ’. ಇಂಗ್ಲಿಷಿನ ‘ಇನ್‌ಕ್ಲೂಸಿವ್ ಎಜುಕೇಶನ್’ ಅನ್ನುವುದಕ್ಕೆ ನಮ್ಮಲ್ಲಿ ‘ಸಮನ್ವಯ ಶಿಕ್ಷಣ’ ಅನ್ನುತ್ತಾರೆ.

ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರದ ಯೋಜನೆ 1974ರಲ್ಲಿ ಶುರುವಾಯಿತು. ಅದರ ಹೆಸರಿನಲ್ಲಿದ್ದದ್ದು ‘ಇಂಟಿಗ್ರೇಟೆಡ್’ ಅನ್ನುವ ಪದ. ಅಲ್ಲಿ ಶಾಲೆ ಇದ್ದ ಹಾಗೇ ಇರುತ್ತದೆ, ಮಗುವೇ ಹೊಂದಿಕೊಳ್ಳಬೇಕು. ಈಗಿನ ಪದ ‘ಇನ್‌ಕ್ಲೂಸಿವ್’. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದರ ಅರ್ಥವನ್ನು ಬಿಡಿಸಿ ಹೇಳಿದೆ. ಅಂಗವೈಕಲ್ಯ ಇರುವವರು, ಇಲ್ಲದವರು ಒಟ್ಟಿಗೆ ಕಲಿಯಬೇಕು, ಕಲಿಸುವ ಕ್ರಮ ಆ ಮಕ್ಕಳಿಗೆ ತಕ್ಕಂತೆ ಬದಲಾಗಬೇಕು. ಅಂದರೆ ಹೊಂದಿಕೊಳ್ಳುವ ಹೊಣೆ ಈಗ ಶಾಲೆಯದು. ಎಷ್ಟು ದೊಡ್ಡ ಬದಲಾವಣೆ ನೋಡಿ! ನಮ್ಮ ‘ಸಮನ್ವಯ’ದಲ್ಲಿ ಅದು ಕಾಣುವುದೇ ಇಲ್ಲ. ಆ ಪದ ಕೇಳಿದರೆ ನನಗೆ ಹೊಂದಾಣಿಕೆ, ತಾಳಮೇಳ, ‘ಸಮನ್ವಯ ಸಮಿತಿ’ ನೆನಪಾಗುತ್ತವೆ. ಯಾರು ಯಾರಿಗೆ ಹೊಂದಿಕೊಳ್ಳಬೇಕು ಅನ್ನುವುದು ಗೊತ್ತಾಗದು. ಜೊತೆಗೆ 2018ರಿಂದ ‘ಸಮಗ್ರ ಶಿಕ್ಷಣ’ ಅನ್ನುವ, ಇಡೀ ಶಾಲಾ ಶಿಕ್ಷಣಕ್ಕೆ ಸೇರಿದ ಯೋಜನೆಯೂ ಬಂದಿದೆ. ತಂಗಿ ಎರಡೂ ಒಂದೇ ಅಂದುಕೊಂಡಿದ್ದಳು.

‘ಒಳಗೊಳ್ಳುವ ಶಿಕ್ಷಣ’ ಅಂತಲೂ ಕೆಲವರು ಬರೆಯುತ್ತಾರೆ. ನನಗೆ ಇದು ಇಷ್ಟ, ಯಾಕೆಂದರೆ ಒಳಗೊಳ್ಳಬೇಕಾದದ್ದು ಶಾಲೆ ಅಂತ ಪದವೇ ಹೇಳುತ್ತದೆ. ಆದರೆ ‘ಯಾರನ್ನು?’ ಅನ್ನುವ ಪ್ರಶ್ನೆ ಉಳಿದುಬಿಡುತ್ತದೆ. ‘ಎಲ್ಲರನ್ನೂ’ ಸೇರಿಸಿದರೆ ಹೆಸರು ಉದ್ದವಾಯಿತು. ‘ಕೂಡು ಕಲಿಕೆ’ ಆಗಬಹುದಾ? ಕೂಡು ಕುಟುಂಬದಲ್ಲಿ ಹಲ್ಲಿಲ್ಲದ ಅಜ್ಜಿಗೆ ಅನ್ನ ಮೆತ್ತಗೆ ಬೇಯಿಸುತ್ತಾರೆ, ಬೇರೆ ಮನೆಗೆ ಕಳಿಸುವುದಿಲ್ಲ. ಆ ಅರ್ಥ ಇದರಲ್ಲಿ ಬರುತ್ತದೆ ಅನ್ನಿಸುತ್ತದೆ. ತಪ್ಪಿದ್ದರೆ ತಿದ್ದಿ.

‘ಕಲಿಕಾ ನ್ಯೂನತೆ’ ಬಗ್ಗೆಯೂ ಒಂದು ಮಾತು. ಓದು, ಬರಹ, ಲೆಕ್ಕ ಕಲಿಯಲು ಮಗುವಿಗೆ ಆಗುವ ಕಷ್ಟಕ್ಕೆ ಹೀಗನ್ನುತ್ತಾರೆ. 1995ರ ಅಂಗವಿಕಲರ ಕಾಯ್ದೆ ಹೆಸರಿಸಿದ 7 ಬಗೆಯ ಅಂಗವೈಕಲ್ಯಗಳಲ್ಲಿ ಇದು ಇರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಸೇರಿತು. ಹೀಗೆ ಸೇರಿದ್ದರಿಂದ ನಮ್ಮ ಹುಡುಗನಂಥವರಿಗೆ ನೆರವು ಕೇಳಲು ಕಾಯ್ದೆಯ ಬಲ ಸಿಕ್ಕಿತು. ಆದರೆ ನ್ಯೂನತೆ ಅಂದ ಕೂಡಲೇ ತಂಗಿ ‘ನನ್ನ ಮಗನಲ್ಲಿ ಏನು ಐಬು?’ ಅಂತ ಅತ್ತಳು. ‘ಕಲಿಕೆಯ ತೊಡಕು’ ಅಂದಾಗ ಸ್ವಲ್ಪ ಸಮಾಧಾನವಾಯಿತು. ತೊಡಕನ್ನು ಬಿಡಿಸಬಹುದಲ್ಲ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಮತ್ತೆ ಕಲಿಸುವುದಕ್ಕೆ ‘ಪರಿಹಾರ ಬೋಧನೆ’ ಅನ್ನುವುದೂ ಹಾಗೇ. ಹಳ್ಳಿಯಲ್ಲಿ ಪರಿಹಾರ ಅಂದರೆ ಬೆಳೆ ಹೋದದ್ದಕ್ಕೆ ಬರುವ ದುಡ್ಡು.

ಇಲ್ಲಿ ಬಿಐಇಆರ್‌ಟಿ, ಅಂದರೆ ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಯಾರಾದರೂ ಇದ್ದೀರಾ? ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವವರು ನೀವು. ಅಲ್ಲಿ ತಾಯಂದಿರ ಜೊತೆ ಕೂತಾಗ ‘ಗೃಹಾಧಾರಿತ ಶಿಕ್ಷಣ’ ಅಂತ ಖಂಡಿತ ಹೇಳಿರಲಾರಿರಿ. ಏನಂತ ಹೇಳುತ್ತೀರಿ? ಬೀದರ್, ಕಲಬುರಗಿ ಕಡೆ ಬೇರೆ ಮಾತಿದೆಯಾ? ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ‘ಸಮನ್ವಯ’ವೇ ನಡೆಯುತ್ತದಾ, ಬೇರೆ ಪದ ಇದೆಯಾ? ಇದೇ 20ಕ್ಕೆ ತಂಗಿ ಶಾಲೆಗೆ ಹೋಗಿ ಮಾತಾಡಬೇಕು. ಅಷ್ಟರೊಳಗೆ ಬರೆದರೆ ಅವಳಿಗೆ ಓದಿ ಹೇಳುತ್ತೇನೆ.