ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ನೆಲೆಸಲು ಯಾವ ಊರು ಸೂಕ್ತ?

ಫ್ರೀಮಾಂಟ್ ನಿವಾಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಫ್ರೀಮಾಂಟ್‌ನಲ್ಲಿರುವ ನಾವು ಈ ಮನೆಯನ್ನು ಮಾರಿ, ಕ್ಯಾಲಿಫೋರ್ನಿಯಾದ ಕಡಲತೀರದ ಯಾವುದಾದರೂ ಸಣ್ಣ ಊರಿನಲ್ಲಿ ನೆಲೆಸಬೇಕೆಂದು ಯೋಚಿಸುತ್ತಿದ್ದೇವೆ. ನನಗೆ ಈಗ 56 ವರ್ಷ, ಪತ್ನಿಗೆ 53. ಮಗಳು ಓದು ಮುಗಿಸಿ ಬೇರೆ ರಾಜ್ಯದಲ್ಲಿ ಕೆಲಸಕ್ಕೆ ಸೇರಿರುವುದರಿಂದ ಶಾಲೆಗಳ ಗುಣಮಟ್ಟದ ಚಿಂತೆ ಇನ್ನಿಲ್ಲ. ನನ್ನ ಕಚೇರಿ ಸ್ಯಾನ್ ಹೊಸೆಯಲ್ಲಿದೆ. ವಾರಕ್ಕೆ ಒಂದು ದಿನ ಹೋದರೆ ಸಾಕು, ಎರಡು ಮೂರು ವರ್ಷಗಳಲ್ಲಿ ನಿವೃತ್ತಿಯಾಗುವ ಇರಾದೆಯೂ ಇದೆ. ನಮ್ಮ ತಾಯಿ ನಮ್ಮೊಂದಿಗೇ ಇದ್ದಾರೆ. ಅವರಿಗೆ ಅಸ್ತಮಾ ಇದೆ, ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತಲಾಗುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ಹಾಫ್ ಮೂನ್ ಬೇಗೆ ಹೋಗಿದ್ದಾಗ ಆ ಊರು ನಮಗೆ ತುಂಬಾ ಹಿಡಿಸಿತು. ಅದರ ಜೊತೆಗೆ ಸಾಂತಾ ಕ್ರೂಜ್, ಮಾಂಟೆರೆ, ಸ್ಯಾನ್ ಲೂಯಿಸ್ ಒಬಿಸ್ಪೊ ಸುತ್ತಮುತ್ತಲಿನ ಊರುಗಳು, ವೆಂಚುರಾ ಮತ್ತು ಸ್ಯಾನ್ ಡಿಯಾಗೊ ಉತ್ತರದ ಕಾರ್ಲ್ಸ್‌ಬ್ಯಾಡ್ ನಮ್ಮ ಪಟ್ಟಿಯಲ್ಲಿವೆ. ಸುಮಾರು 12 ಲಕ್ಷ ಡಾಲರ್‌ವರೆಗೆ ಖರ್ಚು ಮಾಡಬಲ್ಲೆವು. ಈಗಿನ ಮನೆಯನ್ನು 1998ರಲ್ಲಿ ಕೊಂಡದ್ದರಿಂದ ನಮ್ಮ ಆಸ್ತಿ ತೆರಿಗೆ ಬಹಳ ಕಡಿಮೆಯಿದೆ. ಮನೆ ಬದಲಿಸಿದರೆ ಅದು ದುಪ್ಪಟ್ಟಾದೀತೆಂಬ ಅಂಜಿಕೆ ಇದೆ. ವಿಮೆ ಸಿಗುವುದೇ ಕಷ್ಟ ಎಂದೂ ಕೇಳಿದ್ದೇವೆ. ಆ ಕಡೆ ವಾಸವಾಗಿರುವವರು ದಯವಿಟ್ಟು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ.

ಆಪ್ಟೋಸ್ ಕನ್ನಡಿಗ:

ನಮಸ್ಕಾರ ಸರ್. ತಾವು ಹಾಫ್ ಮೂನ್ ಬೇಯನ್ನು ನೋಡಿದ್ದು ಅಕ್ಟೋಬರಿನಲ್ಲಿ ಎಂಬುದೇ ಮೊದಲು ನನ್ನ ಗಮನಕ್ಕೆ ಬಂದ ವಿಷಯ. ಸೆಪ್ಟೆಂಬರ್, ಅಕ್ಟೋಬರ್ ಈ ಕರಾವಳಿಯ ಅತ್ಯುತ್ತಮ ತಿಂಗಳುಗಳು. ಆಗ ಬಂದವರಿಗೆ ಇಲ್ಲಿನ ಎಲ್ಲ ಊರುಗಳೂ ಹಿಡಿಸುತ್ತವೆ. ಬೇಸಿಗೆಯ ಕಥೆ ಬೇರೆ. ವಾಯವ್ಯದಿಂದ ಬೀಸುವ ಗಾಳಿ ಮೇಲುನೀರನ್ನು ದಡದಿಂದಾಚೆ ತಳ್ಳಿದಾಗ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ, ಅದರ ಮೇಲೆ ಹಾದುಬರುವ ತೇವದ ಗಾಳಿ ತಣಿದು ಮೋಡವಾಗುತ್ತದೆ, ಒಳನಾಡಿನ ಕಣಿವೆ ಕಾದಷ್ಟೂ ಆ ಮೋಡ ನೆಲದ ಕಡೆಗೆ ನುಗ್ಗುತ್ತದೆ. ಹೀಗಾಗಿ ಫ್ರೀಮಾಂಟ್‌ನಲ್ಲಿ ಜನ ಬೆವರುತ್ತಿರುವ ಜುಲೈ ಮಧ್ಯಾಹ್ನವೂ ಹಾಫ್ ಮೂನ್ ಬೇಯಲ್ಲಿ 65 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿದ್ದು, ಸ್ವೆಟರ್ ತೆಗೆಯುವ ಹಾಗಿರುವುದಿಲ್ಲ. ಪೆಸಿಫಿಕಾದಲ್ಲಿಯೂ ಹೀಗೆಯೇ. ಮಾಂಟೆರೆ ಮತ್ತು ಪೆಸಿಫಿಕ್ ಗ್ರೋವ್ ಕೂಡ ಬೇಸಿಗೆಯಲ್ಲಿ ಮಂಜಿನ ಊರುಗಳೇ.

ಸಾಂತಾ ಕ್ರೂಜ್‌ನ ಸ್ಥಿತಿ ಸ್ವಲ್ಪ ಭಿನ್ನ. ಅದು ಮಾಂಟೆರೆ ಕೊಲ್ಲಿಯ ಉತ್ತರದ ಅಂಚಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕುಳಿತಿದೆ, ಬೆನ್ನಿಗೆ ಬೆಟ್ಟವಿದೆ; ಆದ್ದರಿಂದ ಬೆಳಗಿನ ಮೋಡ ಮಧ್ಯಾಹ್ನದ ಹೊತ್ತಿಗೆ ಸಾಮಾನ್ಯವಾಗಿ ಸರಿದುಹೋಗುತ್ತದೆ. ಸಾಂತಾ ಕ್ರೂಜ್ ಪಕ್ಕದ ಆಪ್ಟೋಸ್, ಸೊಕೆಲ್‌ಗಳಲ್ಲಿ ದಡದಿಂದ ಎರಡು ಮೂರು ಮೈಲಿ ಒಳಗೆ ಸರಿದರೆ ಬಿಸಿಲು ಇನ್ನೂ ಬೇಗ ಬರುತ್ತದೆ. ಯಾವ ಊರು ಎಂಬುದಕ್ಕಿಂತ ದಡದಿಂದ ಎಷ್ಟು ದೂರ ಎಂಬುದನ್ನೇ ತಾವು ಮೊದಲು ತೀರ್ಮಾನಿಸಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ. ನಾವು ಮೊದಲು ಬಾಡಿಗೆಗಿದ್ದ ಮನೆ ಕಡಲಿಗೆ ಎರಡೇ ಬೀದಿ ದೂರದಲ್ಲಿತ್ತು. ಅಲ್ಲಿ ಕಿಟಕಿಯ ಅಲ್ಯೂಮಿನಿಯಂ ಹಳಿಯಲ್ಲಿ ಬಿಳಿಯ ಉಪ್ಪು ಹೊಪ್ಪಳೆಗಟ್ಟಿ ಬಾಗಿಲು ಜಾರುತ್ತಲೇ ಇರಲಿಲ್ಲ, ಗ್ಯಾರೇಜ್ ಬಾಗಿಲಿನ ಸ್ಪ್ರಿಂಗ್ ತುಕ್ಕು ಹಿಡಿದು ಮುರಿಯಿತು, ಬಟ್ಟೆಯ ಕಪಾಟಿನ ಹಿಂಬದಿಯ ಗೋಡೆಗೆ ಬೂಷ್ಟು ಬಂದಿತ್ತು. ಅಸ್ತಮಾ ಇರುವವರಿಗೆ ಈ ಬೂಷ್ಟು ಒಳ್ಳೆಯದಲ್ಲ. ತಾವು ಯಾವ ಮನೆ ನೋಡಲು ಹೋದರೂ ಕಪಾಟುಗಳನ್ನು ತೆರೆದು ಮೂಸಿ ನೋಡಿ. ಏಜೆಂಟರು ಏನೆಂದುಕೊಂಡರೂ ಪರವಾಗಿಲ್ಲ.

ಇನ್ನು ದಾರಿಯ ವಿಷಯ. ಇಲ್ಲಿಂದ ಸ್ಯಾನ್ ಹೊಸೆಗೆ ಹೋಗಲು ಹೆದ್ದಾರಿ 17 ಒಂದೇ ನೇರ ದಾರಿ. ಬೆಟ್ಟದ ತಿರುವುಗಳ ಆ ರಸ್ತೆಯಲ್ಲಿ ಮೊದಲ ಮಳೆ ಬಿದ್ದ ದಿನ ಒಂದು ಅಪಘಾತವಾದರೆ ಬೆಳಗಿನ ಹೊತ್ತೆಲ್ಲ ಅಲ್ಲಿಯೇ ಕಳೆಯುತ್ತದೆ. ವಾರಕ್ಕೆ ಒಂದು ದಿನವಾದರೆ ಸಹಿಸಬಹುದು. ಸ್ಯಾನ್ ಹೊಸೆಯ ಡಿರಿಡಾನ್ ನಿಲ್ದಾಣಕ್ಕೆ ಬಸ್ಸೂ ಇದೆ. ಹಾಫ್ ಮೂನ್ ಬೇಗಾದರೆ ಹೆದ್ದಾರಿ 92 ಮತ್ತು ಹೆದ್ದಾರಿ 1 ಬಿಟ್ಟರೆ ಬೇರೆ ಗತಿಯಿಲ್ಲ. 2013ರಲ್ಲಿ ಡೆವಿಲ್ಸ್ ಸ್ಲೈಡ್ ಬಳಿ ಸುರಂಗ ತೆರೆದ ಮೇಲೆ ಉತ್ತರದ ದಾರಿ ಸುಧಾರಿಸಿದೆ, ಆದರೆ 2023ರ ಜನವರಿ ಮಳೆಯಲ್ಲಿ 92ರಲ್ಲಿ ರಸ್ತೆಯೇ ಕುಸಿದು ಸಂಚಾರ ನಿಂತಿತ್ತು. ಅಕ್ಟೋಬರಿನ ಕುಂಬಳಕಾಯಿ ಹಬ್ಬದ ವಾರಾಂತ್ಯದಲ್ಲಿ ಆ ರಸ್ತೆಯ ಗೋಜಿಗೇ ಹೋಗಬಾರದು.

ಸಾಂತಾ ಕ್ರೂಜ್ ಬೆಟ್ಟದ ಮೇಲಿನ ಬೋಲ್ಡರ್ ಕ್ರೀಕ್, ಬಾನಿ ಡೂನ್‌ಗಳಲ್ಲಿ ಮನೆಗಳು ಅಗ್ಗವಾಗಿ ಕಾಣುತ್ತವೆ. 2020ರ ಆಗಸ್ಟ್‌ನ ಕಾಳ್ಗಿಚ್ಚಿನಲ್ಲಿ ಸುಟ್ಟ ಪ್ರದೇಶ ಅದು. ಅಲ್ಲಿ ವಿಮೆ ಸಿಗುವುದು ದುಸ್ತರ.

ವೆಂಚುರಾ ವಾಸಿನಿ:

ಆಪ್ಟೋಸ್‌ನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅವರು ತೆರಿಗೆಯ ವಿಷಯವನ್ನು ಮುಟ್ಟಲಿಲ್ಲ. ತಮ್ಮ ಮಟ್ಟಿಗೆ ಅದು ಸಂತೋಷದ ಸುದ್ದಿ. ಮತದಾರರು ಒಪ್ಪಿ ಜಾರಿಗೆ ತಂದ 1978ರ ಕಾನೂನು ಪ್ರೊಪೊಸಿಷನ್ 13ರ ಪ್ರಕಾರ ತೆರಿಗೆಗೆ ಲೆಕ್ಕ ಹಿಡಿಯುವ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಸಾಮಾನ್ಯವಾಗಿ ಮನೆ ಕೈ ಬದಲಾದಾಗ ಅದು ಖರೀದಿಯ ಬೆಲೆಗೆ ಜಿಗಿಯುತ್ತದೆ. ಆದರೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪ್ರೊಪೊಸಿಷನ್ 19ರ ನಿಯಮದಂತೆ, 55 ವರ್ಷ ತುಂಬಿದವರು ತಾವು ವಾಸವಾಗಿರುವ ಮನೆಯನ್ನು ಮಾರಿ, ಅದರ ಹಿಂದಿನ ಅಥವಾ ಮುಂದಿನ ಎರಡು ವರ್ಷಗಳೊಳಗೆ ರಾಜ್ಯದ ಯಾವ ಕೌಂಟಿಯಲ್ಲಾದರೂ ವಾಸಕ್ಕೆ ಮನೆ ಕೊಂಡರೆ ಹಳೆಯ ಮೌಲ್ಯವನ್ನೇ ಅಲ್ಲಿಗೆ ಒಯ್ಯಬಹುದು. ಜೀವಮಾನದಲ್ಲಿ ಮೂರು ಬಾರಿ ಈ ಅವಕಾಶವಿದೆ. ಒಂದು ಉದಾಹರಣೆ ಕೊಡುತ್ತೇನೆ: ತಮ್ಮ ಮನೆಯ ತೆರಿಗೆ ಮೌಲ್ಯ 6 ಲಕ್ಷ ಡಾಲರ್ ಇದ್ದು, ಅದನ್ನು 16 ಲಕ್ಷಕ್ಕೆ ಮಾರಿ 12 ಲಕ್ಷದ ಮನೆ ಕೊಂಡರೆ, ಹೊಸ ಮನೆಗೂ 6 ಲಕ್ಷದ ಮೇಲೆಯೇ ತೆರಿಗೆ ಬೀಳುತ್ತದೆ. ಇದು ತಾನಾಗಿ ಆಗುವುದಿಲ್ಲ. ಹೊಸ ಮನೆ ಇರುವ ಕೌಂಟಿಯ ಅಸೆಸರ್ (ಆಸ್ತಿಯ ತೆರಿಗೆ ಮೌಲ್ಯ ನಿರ್ಧರಿಸುವ ಅಧಿಕಾರಿ) ಕಚೇರಿಗೆ ಅರ್ಜಿ ಹಾಕಬೇಕು. ತಮಗೆ 56 ಆಗಿರುವುದರಿಂದ ಪತ್ನಿಯವರ ವಯಸ್ಸು ಅಡ್ಡಿಯಾಗದು, ಆದರೆ ಮನೆಯ ಪತ್ರದಲ್ಲಿ ತಮ್ಮ ಹೆಸರಿರಬೇಕು.

ಊರಿನ ವಿಷಯಕ್ಕೆ ಬಂದರೆ, ಪಾಯಿಂಟ್ ಕನ್ಸೆಪ್ಷನ್ ಭೂಶಿರವನ್ನು ದಕ್ಷಿಣಕ್ಕೆ ದಾಟಿದ ಮೇಲೆ ಕರಾವಳಿ ಪೂರ್ವಕ್ಕೆ ತಿರುಗುತ್ತದೆ, ಹವೆಯೂ ಬದಲಾಗುತ್ತದೆ. ನೀರು ಇಲ್ಲಿ ಬೆಚ್ಚಗೆ, ಗಾಳಿ ಸೌಮ್ಯ. ಮೇ, ಜೂನ್ ತಿಂಗಳ ಮಂಕು ಮೋಡ ನಮ್ಮಲ್ಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ಎರಡು ತಿಂಗಳು ಸಂಡಿಗೆ ಒಣಗಿಸುವ ಆಸೆಯನ್ನೇ ನಾನು ಬಿಟ್ಟಿದ್ದೇನೆ. ಸಾಂತಾ ಬಾರ್ಬರಾಗೆ ಹೋಲಿಸಿದರೆ ವೆಂಚುರಾದಲ್ಲಿ ಬೆಲೆ ಕಡಿಮೆ, ಊರು ಚಪ್ಪಟೆ, ಹಳೆಯ ಬಡಾವಣೆಗಳಲ್ಲಿ ಮೆಟ್ಟಿಲಿಲ್ಲದ ಒಂದಂತಸ್ತಿನ ಮನೆಗಳು ಬೇಕಾದಷ್ಟಿವೆ. 1990ರ ದಶಕದಲ್ಲಿ ಮತದಾರರೇ ಕೃಷಿಭೂಮಿಯನ್ನು ಕಾಪಾಡುವ ಕಾನೂನು ಮಾಡಿಕೊಂಡದ್ದರಿಂದ ಊರಿನ ಅಂಚಿನಲ್ಲಿ ನಿಂಬೆ ಮತ್ತು ಸ್ಟ್ರಾಬೆರಿ ತೋಟಗಳು ಇಂದಿಗೂ ಉಳಿದಿವೆ. ಕ್ಯಾಲಬಾಸಸ್‌ನಲ್ಲಿರುವ ಮಾಲಿಬು ದೇವಸ್ಥಾನ ಸುಮಾರು ಒಂದು ಗಂಟೆಯ ದಾರಿ. ತಾಯಿಯವರಿಗೆ ಅದು ಮುಖ್ಯವೆನಿಸಬಹುದು.

ಗುಡ್ಡದ ಮೇಲಿನ ಮನೆಗಳ ಬಗ್ಗೆ ಮಾತ್ರ ಎಚ್ಚರ. ನೋಟ ಸೊಗಸಾಗಿರುತ್ತದೆ, ಆದರೆ 2017ರ ಡಿಸೆಂಬರಿನ ಥಾಮಸ್ ಕಾಳ್ಗಿಚ್ಚಿನಲ್ಲಿ ವೆಂಚುರಾದ ಗುಡ್ಡದ ಬೀದಿಗಳಲ್ಲಿ ನೂರಾರು ಮನೆಗಳು ಸುಟ್ಟುಹೋದವು. ಅದೇ ಬೆಂಕಿಯಿಂದ ಬೋಳಾದ ಬೆಟ್ಟದ ಮೇಲೆ ಮರುತಿಂಗಳು ಮಳೆ ಸುರಿದು, ಜನವರಿ 9ರಂದು ಮಾಂಟೆಸಿಟೊ ಮೇಲೆ ಕೆಸರು ಮತ್ತು ಬಂಡೆಗಳು ಇಳಿದು 23 ಜನ ಸತ್ತರು. ಹೆದ್ದಾರಿ 101 ಸುಮಾರು ಎರಡು ವಾರ ಮುಚ್ಚಿತ್ತು. ಇಂಥ ಜಾಗಗಳಲ್ಲಿ ಮಾಮೂಲಿ ಕಂಪನಿಗಳು ಒಲ್ಲೆ ಎಂದಾಗ ಹೆಚ್ಚಾಗಿ ಉಳಿಯುವುದು, ಬೇರೆಲ್ಲೂ ವಿಮೆ ಸಿಗದವರಿಗಾಗಿ ರಾಜ್ಯದಲ್ಲಿರುವ ಕೊನೆಯ ಆಸರೆಯಾದ ಫೇರ್ ಪ್ಲಾನ್. ಅದು ಮುಖ್ಯವಾಗಿ ಬೆಂಕಿಗೆ ಸಂಬಂಧಿಸಿದ ನಷ್ಟವನ್ನಷ್ಟೇ ಭರಿಸುತ್ತದೆ. ಕಳವು, ಪೈಪು ಒಡೆದು ನೀರು ನುಗ್ಗುವುದು ಮುಂತಾದವಕ್ಕೆ ಮತ್ತೊಂದು ಪಾಲಿಸಿ ಬೇಕು. ಭೂಕಂಪಕ್ಕೆ ಪ್ರತ್ಯೇಕ, ಪ್ರವಾಹಕ್ಕೆ ಪ್ರತ್ಯೇಕ.

ಎನ್ಸಿನಿಟಾಸ್‌ನಿಂದ:

ಕಾರ್ಲ್ಸ್‌ಬ್ಯಾಡ್ ಬಗ್ಗೆ ಯಾರೂ ಬರೆಯದ ಕಾರಣ ಒಂದೆರಡು ಮಾತು. ತಮ್ಮ ಬಜೆಟ್‌ನಲ್ಲಿ ಇಲ್ಲಿ ಸಿಗುವುದು ಹೆಚ್ಚಾಗಿ ಟೌನ್‌ಹೌಸ್, ಅಂದರೆ ಮೆಟ್ಟಿಲು. ಹೊಸ ಬಡಾವಣೆಗಳಲ್ಲಿ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಶುಲ್ಕದ ಜೊತೆಗೆ ಮೆಲ್ಲೊ-ರೂಸ್ ಎಂಬ ವಿಶೇಷ ತೆರಿಗೆಯೂ ಇರಬಹುದು. ಅದಕ್ಕೂ ಮನೆಯ ಮೌಲ್ಯಕ್ಕೂ ಸಂಬಂಧವಿಲ್ಲದ ಕಾರಣ ಮೇಲೆ ಹೇಳಿದ ಪ್ರೊಪೊಸಿಷನ್ 19 ಅದನ್ನು ತಗ್ಗಿಸುವುದಿಲ್ಲ. ಜಾಲತಾಣಗಳಲ್ಲಿ ಮೂರು ಲಕ್ಷಕ್ಕೆ ಕಡಲತೀರದ ಮನೆ ಎಂದು ಕಂಡರೆ ಅದು ಬಹುತೇಕ ಮೊಬೈಲ್ ಹೋಮ್ ಆಗಿರುತ್ತದೆ. ಮನೆ ತಮ್ಮದು, ನೆಲ ಬೇರೆಯವರದು, ನೆಲದ ಬಾಡಿಗೆ ತಿಂಗಳು ತಿಂಗಳು ಕಟ್ಟಬೇಕು.

ಬಿಸಿಲು, ಆಸ್ಪತ್ರೆ, ರೈಲು ಈ ಮೂರರಲ್ಲಿ ಈ ಭಾಗಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಓಷನ್‌ಸೈಡ್‌ನಿಂದ ಸ್ಯಾನ್ ಡಿಯಾಗೊಗೆ ಕೋಸ್ಟರ್ ರೈಲು ಓಡುತ್ತದೆ. ಆದರೆ ಇನ್ನೂ ದಕ್ಷಿಣಕ್ಕೆ, ಗಡಿಯ ಬಳಿಯ ಇಂಪೀರಿಯಲ್ ಬೀಚ್‌ನಲ್ಲಿ ಬೆಲೆ ಕಡಿಮೆಯೆಂದು ಹೋಗಬೇಡಿ. ಟಿಹುವಾನಾ ನದಿಯ ಕೊಳಚೆಯಿಂದಾಗಿ ಅಲ್ಲಿನ ಕಡಲತೀರಕ್ಕೆ ವರ್ಷಗಳಿಂದ ಮತ್ತೆ ಮತ್ತೆ ಬೀಗ ಬೀಳುತ್ತಿದೆ, ಗಾಳಿಯಲ್ಲಿಯೂ ನಾತವಿದೆ. ಅಸ್ತಮಾ ಇರುವವರಿಗೆ ಅದು ಹೇಳಿದ ಜಾಗವಲ್ಲ.

ಫ್ರೀಮಾಂಟ್ ನಿವಾಸಿ:

ಎಲ್ಲರಿಗೂ ಅನಂತ ಧನ್ಯವಾದಗಳು. ಪ್ರೊಪೊಸಿಷನ್ 19ರ ವಿಷಯ ನಮಗೆ ತಿಳಿದೇ ಇರಲಿಲ್ಲ. ಕಾರ್ಲ್ಸ್‌ಬ್ಯಾಡ್ ಪಟ್ಟಿಯಿಂದ ಹೊರಬಿತ್ತು, ಹಾಫ್ ಮೂನ್ ಬೇಯ ಮೋಹವೂ ಇಳಿದಿದೆ. ಈಗ ಒಂದು ಹೊಸ ಪ್ರಶ್ನೆ. ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯ ಕೇಂಬ್ರಿಯಾದಲ್ಲಿ ಪೈನ್ ಮರಗಳ ನಡುವಿನ ಖಾಲಿ ನಿವೇಶನವೊಂದು ನಂಬಲಾಗದಷ್ಟು ಕಡಿಮೆ ಬೆಲೆಗೆ ಕಂಡಿತು. ಕೊಂಡು ನಮಗೆ ಬೇಕಾದಂತೆ ಮೆಟ್ಟಿಲಿಲ್ಲದ ಮನೆ ಕಟ್ಟಿಸಿದರೆ ಹೇಗೆ?

ಒಬಿಸ್ಪೊ ಓದುಗ:

ದಯವಿಟ್ಟು ಮುಂಗಡ ಕೊಡಬೇಡಿ. ಕೇಂಬ್ರಿಯಾದಲ್ಲಿ 2001ರಿಂದ ಹೊಸ ನೀರಿನ ಸಂಪರ್ಕ ಕೊಡುವುದನ್ನು ನಿಲ್ಲಿಸಲಾಗಿದೆ. ಸಂಪರ್ಕಕ್ಕಾಗಿ ಕಾಯುತ್ತಿರುವವರ ಪಟ್ಟಿ ಉದ್ದವಿದೆ. ನೀರಿಲ್ಲದೆ ಕಟ್ಟಡದ ಪರವಾನಗಿ ಇಲ್ಲ, ಪರವಾನಗಿ ಇಲ್ಲದ ನಿವೇಶನಕ್ಕೆ ಬೆಲೆ ಇಲ್ಲ. ಅದೇ ಕೌಂಟಿಯ ಲಾಸ್ ಒಸೋಸ್‌ನಲ್ಲಿ ಶೌಚಗುಂಡಿಗಳಿಂದ ಅಂತರ್ಜಲ ಕೆಟ್ಟ ಕಾರಣ 1988ರಿಂದ ದಶಕಗಳ ಕಾಲ ಕಟ್ಟುವುದಕ್ಕೆ ತಡೆ ಇತ್ತು. ಮಾಂಟೆರೆ ಪರ್ಯಾಯ ದ್ವೀಪದಲ್ಲಿ ಕಾರ್ಮೆಲ್ ನದಿಯಿಂದ ಮಿತಿಮೀರಿ ನೀರೆತ್ತಿದ್ದಕ್ಕಾಗಿ ರಾಜ್ಯದ ಜಲಮಂಡಳಿ 2009ರಲ್ಲಿ ಆದೇಶ ಹೊರಡಿಸಿ ಹೊಸ ಮೀಟರ್‌ಗಳಿಗೆ ತಡೆ ಹಾಕಿತು. ಅಲ್ಲಿ ಹಳೆಯ ಮನೆಗೆ ಇನ್ನೊಂದು ಬಚ್ಚಲುಮನೆ ಸೇರಿಸುವುದಕ್ಕೂ ನೀರಿನ ಲೆಕ್ಕ ಒಪ್ಪಿಸಬೇಕು. ಈ ಕರಾವಳಿಯಲ್ಲಿ ಕಟ್ಟಿದ ಮನೆಯನ್ನು ಕೊಳ್ಳಿ, ಖಾಲಿ ಜಾಗವನ್ನಲ್ಲ.

ಇದರ ಮೇಲೆ, ಕರಾವಳಿಯ ಕಾಮಗಾರಿಗಳನ್ನು ನಿಯಂತ್ರಿಸುವ ರಾಜ್ಯದ ಕೋಸ್ಟಲ್ ಕಮಿಷನ್ ಬೇರೆ ಇದೆ. 1976ರ ಕರಾವಳಿ ಕಾಯ್ದೆಯಂತೆ ಕರಾವಳಿ ವಲಯದೊಳಗಿನ ಹೆಚ್ಚಿನ ಕಾಮಗಾರಿಗಳಿಗೆ ಪ್ರತ್ಯೇಕ ಪರವಾನಗಿ ಬೇಕು. ಕಡಲ್ಕೊರೆತಕ್ಕೆ ಅಡ್ಡಗೋಡೆ ಕಟ್ಟಿಕೊಳ್ಳುತ್ತೇವೆ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಹಾಫ್ ಮೂನ್ ಬೇಯ ಪ್ರಕರಣವೊಂದರಲ್ಲಿ ಮೇಲ್ಮನವಿ ನ್ಯಾಯಾಲಯ, ಕಾಯ್ದೆಯಲ್ಲಿ ಹೇಳಿರುವ ಗೋಡೆಯ ಹಕ್ಕು 1977ಕ್ಕೆ ಮೊದಲೇ ಇದ್ದ ಕಟ್ಟಡಗಳಿಗೆ ಮಾತ್ರ ಎಂದು 2024ರ ಕೊನೆಯಲ್ಲಿ ತೀರ್ಪು ಕೊಟ್ಟಿದೆ. ಮಾರುವವರು ಕಾನೂನಿನಂತೆ ಕೊಡಬೇಕಾದ ನೈಸರ್ಗಿಕ ಅಪಾಯಗಳ ನಮೂನೆಯಲ್ಲಿ ಬೆಂಕಿ, ಪ್ರವಾಹ, ಭೂಕಂಪದ ವಲಯಗಳಿವೆ, ಕಡಲ್ಕೊರೆತಕ್ಕೆ ಅದರಲ್ಲಿ ಕಲಂ ಇಲ್ಲ. ತಾವೇ ವಿಚಾರಿಸಿಕೊಳ್ಳಬೇಕು.

ಅಷ್ಟಾಗಿಯೂ ಈ ಕೌಂಟಿ ನನಗೆ ಇಷ್ಟ. ಅರೋಯೊ ಗ್ರಾಂಡೆ, ಗ್ರೋವರ್ ಬೀಚ್‌ಗಳನ್ನು ನೋಡಿ; ಪಿಸ್ಮೊ ಕಡಲತೀರ ಹತ್ತಿರ, ಜನಸಂದಣಿ ಕಡಿಮೆ. ತಾವು ಕೈಸರ್ (ತನ್ನದೇ ಆಸ್ಪತ್ರೆಗಳಿರುವ ಆರೋಗ್ಯ ವಿಮಾ ಸಂಸ್ಥೆ) ಸದಸ್ಯರಾಗಿದ್ದರೆ ಮಾತ್ರ ಮೊದಲೇ ತಿಳಿದಿರಲಿ, ಇಲ್ಲಿ ಕೈಸರ್ ಆಸ್ಪತ್ರೆ ಇಲ್ಲ. ತಾಯಿಯವರಿಗೆ ಶ್ವಾಸಕೋಶದ ತಜ್ಞರು ಬೇಕಾದರೆ ಹೊಸ ರೋಗಿಗಳನ್ನು ಯಾರು ತೆಗೆದುಕೊಳ್ಳುತ್ತಿದ್ದಾರೆ ಎಂದು ಮನೆ ಹುಡುಕುವ ಮೊದಲೇ ಫೋನ್ ಮಾಡಿ ಕೇಳಿ.

ಆಪ್ಟೋಸ್ ಕನ್ನಡಿಗ:

ತಮಗೆ ಇನ್ನೂ ಎರಡು ಮೂರು ವರ್ಷ ಸ್ಯಾನ್ ಹೊಸೆಯ ನಂಟಿದೆ. ವೆಂಚುರಾ ಅಲ್ಲಿಂದ 300 ಮೈಲಿ; ವಾರಕ್ಕೊಮ್ಮೆಯೂ ಸಾಧ್ಯವಾಗದ ಮಾತು. ಆದ್ದರಿಂದ ನಿವೃತ್ತಿಯವರೆಗೆ ಫ್ರೀಮಾಂಟ್ ಮನೆಯನ್ನು ಮಾರದೆ, ಬರುವ ಮೇ, ಜೂನ್ ತಿಂಗಳುಗಳಲ್ಲಿ ಆಪ್ಟೋಸ್ ಕಡೆ ಒಂದು ಸಜ್ಜಿತ ಮನೆಯನ್ನು ಬಾಡಿಗೆಗೆ ಹಿಡಿದು ತಾಯಿಯವರನ್ನೂ ಕರೆತಂದು ಇದ್ದು ನೋಡಿ. ಅವರ ಉಸಿರಾಟ ಹೇಗಿದೆ ಎಂಬುದು ಆ ಮೋಡದ ತಿಂಗಳುಗಳಲ್ಲೇ ಗೊತ್ತಾಗುತ್ತದೆ. ಮನೆಯನ್ನು ಈಗಲೇ ಮಾರಿಬಿಟ್ಟರೆ ಪ್ರೊಪೊಸಿಷನ್ 19ರ ಎರಡು ವರ್ಷದ ಗಡುವು ಅಂದಿನಿಂದಲೇ ಓಡತೊಡಗುತ್ತದೆ ಎಂಬುದನ್ನೂ ಮರೆಯಬೇಡಿ.

ಮುಂದೆ ಎಲ್ಲಿ ಕೊಂಡರೂ, ಒಪ್ಪಂದದ ಪತ್ರದಲ್ಲಿ ವಿಮೆ ಸಿಗದಿದ್ದರೆ ಹಿಂದೆ ಸರಿಯುವ ಷರತ್ತು ಇರಲಿ. ಆ ಷರತ್ತನ್ನು ಬಿಟ್ಟುಕೊಡುವ ಮೊದಲು, ಆ ಬೀದಿಯ ಬೇರೆ ಮನೆಗೆ ಸಿಕ್ಕಿತಂತೆ ಎಂಬ ಮಾತಿನ ಮೇಲೆ ಹೋಗದೆ, ಆ ಮನೆಯ ವಿಳಾಸಕ್ಕೇ ಬರೆದ ಕೊಟೇಶನ್ ಕೈಗೆ ಪಡೆಯಿರಿ.